ಸ್ವಲ್ಪ ತಾಳಿ ಎಂದ ತಿರುಗುಕಡ್ಡಿ

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಬಂಗಾರಪೇಟೆಯ ಸಣ್ಣದೊಂದು ಕಂಪ್ಯೂಟರ್ ಆಫೀಸಿನಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೆ. ಸುತ್ತಲ ಹಳ್ಳಿಗಳ ಹಾಲಿನ ಸಂಘಗಳಿಂದ ಬಂದ ಚೀಟಿಗಳ ಲೆಕ್ಕವನ್ನು ನಮ್ಮಲ್ಲಿ ಯಂತ್ರಕ್ಕೆ ತುಂಬಿಸುತ್ತಿದ್ದರು. ನಮ್ಮೂರು ಕ್ಯಾಸಂಬಳ್ಳಿಯ ಬಸ್ಸಿಳಿದು ಆಫೀಸಿನೊಳಗೆ ಕಾಲಿಟ್ಟರೆ ಬೇರೆಯೇ ಲೋಕ. ಬಿಸಿಲು ಬೀಳದಂತೆ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದ್ದರು. ಆ ಮಬ್ಬಿನಲ್ಲಿ, ಒಂದೇ ಯಂತ್ರಕ್ಕೆ ತಂತಿಯಿಂದ ಜೋಡಿಸಿದ, ಪರದೆ-ಕೀಲಿಮಣೆಯಷ್ಟೇ ಇರುವ ಟರ್ಮಿನಲ್‌ಗಳ ಹಸಿರು ಅಕ್ಷರಗಳು ಮಾತ್ರ ಮಿನುಗುತ್ತಿದ್ದವು. ಕೆರೆಯ ತಳದಲ್ಲಿ ಕೂತಿದ್ದೇನೆ, ಮೇಲೆಲ್ಲೋ ಊರು ನಡೆಯುತ್ತಿದೆ ಅನ್ನಿಸುತ್ತಿತ್ತು.

ಚೀಟಿ ತುಂಬಿಸುತ್ತಿದ್ದವರಲ್ಲಿ ಒಬ್ಬಾಕೆ ನಮಗಿಂತ ತುಂಬಾ ಹಿರಿಯರು, ಮೊದಲು ಟೈಪಿಸ್ಟ್ ಆಗಿದ್ದವರು. ನಾವೆಲ್ಲ ಅಕ್ಕಾ ಅನ್ನುತ್ತಿದ್ದೆವು. ಯಂತ್ರ ಲೆಕ್ಕ ಹಾಕುತ್ತಾ ಸುಮ್ಮನಾದರೆ ಸಾಕು, ಅವರ ಮುಖ ಬಾಡುತ್ತಿತ್ತು.

"ಏನ್ ಮಾಡ್ಬುಟ್ನಮ್ಮಾ ನಾನು? ಕೆಟ್ಟೋಯ್ತಾ?"

ಹೆದರಿ ಸ್ವಿಚ್ ಆರಿಸಿಬಿಡುತ್ತಿದ್ದರು. ಅರ್ಧ ಆಗಿದ್ದ ಕೆಲಸವೆಲ್ಲ ಹೋಗುತ್ತಿತ್ತು.

ಅವರಿಗೋಸ್ಕರವೇ, ಯಂತ್ರ ಕೆಟ್ಟಿಲ್ಲ, ಕೆಲಸದಲ್ಲಿದೆ ಎಂದು ತೋರಿಸಲು ನಾನು ತಿರುಗುಕಡ್ಡಿ ಬರೆದೆ. ನಿಂತ ಗೆರೆ, ವಾಲಿದ ಗೆರೆ, ಮಲಗಿದ ಗೆರೆ, ಮತ್ತೆ ಆ ಕಡೆಗೆ ವಾಲಿದ ಗೆರೆ. ಒಂದೇ ಜಾಗದಲ್ಲಿ ಒಂದಾದ ಮೇಲೊಂದು ಬರೆದರೆ ಕಡ್ಡಿ ಗಿರಗಿರ ಸುತ್ತಿದಂತೆ ಕಾಣುತ್ತದೆ. ಯಾವ ಪ್ರೋಗ್ರಾಂ ಬೇಕಾದರೂ ಬಳಸಿಕೊಳ್ಳಲಿ ಎಂದು ಅದನ್ನು ಲೈಬ್ರರಿ ಎಂಬ ಬೇರೆ ತುಣುಕಾಗಿ ಇಟ್ಟೆ. ಕಡ್ಡಿಯ ಪಕ್ಕ ಏನು ಬರೆಯಬೇಕೋ ಆ ಮಾತನ್ನು ಕೊಟ್ಟರಾಯಿತು.

ಅಕ್ಕ ಕಡ್ಡಿಯನ್ನು ಬಹಳ ಹೊತ್ತು ನೋಡಿದರು. "ಇದು ಏನಾದ್ರೂ ಏಳ್ಬಾರ್ದಾ, ನಮ್ ಮಾತ್ನಾಗೆ?"

ಆಫೀಸಿನಲ್ಲಿ ಒಂದೇ ಒಂದು ಪಿ.ಸಿ.ಗೆ ಭಾರತೀಯ ಲಿಪಿಗಳನ್ನು ತೋರಿಸುವ ಕಾರ್ಡ್ ಹಾಕಿದ್ದರು. ಅದರಲ್ಲಿ ಕೂತು 'ಸ್ವಲ್ಪ ತಾಳಿ' ಎಂದು ಬರೆದೆ. ದುಂಡಗೆ ಬಂತು. ಖುಷಿಯಿಂದ ಅಕ್ಕನ ಟರ್ಮಿನಲ್‌ನಲ್ಲಿ ಓಡಿಸಿದರೆ ಡಬ್ಲ್ಯೂ, ಎಚ್, ಟಿ, ಕ್ಯೂ ಅಂತ ಅರ್ಥವಿಲ್ಲದ ಸಾಲು. ಕನ್ನಡದ ಅಕ್ಷರಕ್ಕೆ ಎಂಟು ಬಿಟ್, ಅಂದರೆ ಎಂಟು ಸೊನ್ನೆ-ಒಂದುಗಳು ಬೇಕು, ಆ ಹಳೆಯ ಟರ್ಮಿನಲ್‌ಗೆ ಏಳೇ ಗೊತ್ತು. ಎಂಟನೆಯದನ್ನು ಕಿತ್ತೆಸೆದು, ಉಳಿದದ್ದನ್ನು ಇಂಗ್ಲಿಷ್ ಎಂದು ಓದಿಕೊಂಡಿತ್ತು. ಅಕ್ಕ ಸ್ವಿಚ್ ಆರಿಸಿ, ಕೈ ಮಡಿಚಿ ಕೂತುಬಿಟ್ಟರು. "ಬೈತಾ ಐತೆ ಕಣಮ್ಮಾ ಇದು," ಅಂದರು.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳತಿ ನಂದಿದುರ್ಗ ಎಂಬ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಯಿಂದ ರೈಲಿನಲ್ಲಿ ಬರುತ್ತಿದ್ದಳು. ಮನೆಮಾತು ತಮಿಳು. ಇಬ್ಬರೂ ಕೂತು ಯೋಚಿಸಿದೆವು. ಮಾತು ಬರೆಯುವ ಮೊದಲೇ ಲೈಬ್ರರಿ ಎದುರಿನ ಟರ್ಮಿನಲ್ ಯಾವುದೆಂದು ಕೇಳಿಕೊಳ್ಳಬೇಕು. ಕನ್ನಡ ಗೊತ್ತಿದ್ದರೆ ಕನ್ನಡ ಕೊಡಬೇಕು, ಇಲ್ಲದಿದ್ದರೆ ಅದೇ ಕನ್ನಡವನ್ನು ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸಿ ಕೊಡಬೇಕು. ಒಂದೊಂದು ಅಕ್ಷರ ಬದಲಾಯಿಸುವ ಕೋಷ್ಟಕ ಮಾಡಿ ಓಡಿಸಿದೆವು. ತೆರೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ 'ಸವಲಪ ತಾಳಿ' ಎಂದು ಬಂತು.

ಗೆಳತಿ ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಂಡಳು. "ಥೇಟ್ ನಮ್ಮ ಪಾಟಿ ಕನ್ನಡ ಮಾತಾಡಿದಂಗೇ ಐತೆ! ನಮ್ಮಜ್ಜಿ ಬಾಯಲ್ಲೂ ಒತ್ತಕ್ಷರ ನಿಲ್ಲಲ್ಲ."

ತಪ್ಪಿದ್ದೂ ಅಲ್ಲೇ. ಒತ್ತಕ್ಷರದಲ್ಲಿ ಎರಡು ವ್ಯಂಜನಗಳ ನಡುವೆ ಯಂತ್ರ ಇಡುವ ಗುರುತನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅದು ಕಂಡಲ್ಲೆಲ್ಲ ಹಿಂದಿನ 'ಅ'ಕಾರ ಬಿಡುವಂತೆ ಮಾಡಿದೆವು. ಆಮೇಲೆ ಮಾತು ಸರಿಹೋಯಿತು.

ಅಕ್ಕನನ್ನು ಕರೆದು ಕೂರಿಸಿದೆವು. ಕಡ್ಡಿ ತಿರುಗಿತು. ಅವರು ಕನ್ನಡಕ ಏರಿಸಿ, ತುಟಿ ಅಲ್ಲಾಡಿಸುತ್ತಾ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಜೋಡಿಸಿಕೊಂಡರು.

"ಸ್ವಲ್ಪ... ತಾಳಿ." ಮುಖ ಅರಳಿತು. "ಆಗ್ಲಪ್ಪಾ, ತಾಳ್ತೀನಿ. ನನ್ಗೇನು ಅವಸರ?"

ಅವತ್ತಿನಿಂದ ಅವರು ಸ್ವಿಚ್ ಮುಟ್ಟಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ದೊಡ್ಡ ಲೆಕ್ಕ ಹಚ್ಚಿ, ಗಲ್ಲಕ್ಕೆ ಕೈ ಕೊಟ್ಟು ಕಡ್ಡಿಯನ್ನೇ ನೋಡುತ್ತಿದ್ದರು. ನೋಡ್ತಾ ನೋಡ್ತಾ ಕಣ್ಣು ಮುಚ್ಚುತ್ತಿತ್ತು. ಹಸಿರು ಬೆಳಕು ಅವರ ಮೂಗುತಿಯ ಮೇಲೆ ಬಿದ್ದು ನಡುಗುತ್ತಿತ್ತು. ಸ್ಟೇಷನ್ನಿನ ಕಡೆಯಿಂದ ಗೂಡ್ಸ್ ರೈಲು ಡಬ್ಬಿಗಳನ್ನು ಎಳೆದುಕೊಂಡು ಹೋಗುವ ಸದ್ದು, ಫ್ಯಾನಿನ ಗಾಳಿಗೆ ಹಾರುವ ಚೀಟಿಗಳು. ಲೆಕ್ಕ ಮುಗಿದರೂ ನಾವಿಬ್ಬರೂ ಅವರನ್ನು ಎಬ್ಬಿಸುತ್ತಿರಲಿಲ್ಲ.