ಕಾಂಪೌಂಡರ್ ಮಾವ ಮಾಡಿಸದ ಪರೀಕ್ಷೆ

ಮೊನ್ನೆ ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ನರ್ಸ್ ಹುಡುಗಿ ಹತ್ತಿಗೆ ಸ್ಪಿರಿಟ್ ಅದ್ದಿ ನನ್ನ ತೋಳಿಗೆ ಉಜ್ಜಿದಳು. ಆ ತಣ್ಣನೆಯ, ಮೂಗಿಗೆ ಹತ್ತುವ ವಾಸನೆ… ಕಣ್ಣು ತುಂಬಿ ಬಂತು. "ಸೂಜಿ ಚುಚ್ಚೋಕೆ ಮುಂಚೆನೇ ಅಳ್ತೀರಲ್ಲ ಆಂಟಿ!" ಎಂದು ನಕ್ಕಳು. ನಾನೂ ನಕ್ಕೆ. ಅವಳಿಗೆ ಹೇಳುವುದಾದರೂ ಏನನ್ನು?

ಕಳಸದ ಹತ್ತಿರ ನಮ್ಮ ಅಂಗಡಿಯ ಎದುರುಮನೆಯಲ್ಲಿ ಕಾಂಪೌಂಡರ್ ಮಾವ ಇದ್ದರು. ನನಗೆ ಸಂಬಂಧದವರಲ್ಲ, ಊರಿಗೆಲ್ಲ ಮಾವ. ತೊಂಬತ್ತರ ದಶಕದಲ್ಲಿ ಎಸ್ಟೇಟ್ ಡಿಸ್ಪೆನ್ಸರಿಯಲ್ಲಿ ಗಾಜಿನ ಸಿರಿಂಜನ್ನು ಸೀಮೆಎಣ್ಣೆ ಸ್ಟವ್ ಮೇಲೆ ಕುದಿಸಿ ಆಳುಗಳಿಗೂ ಸಾಹುಕಾರರಿಗೂ ಅವರೇ ಚುಚ್ಚುತ್ತಿದ್ದರು. "ಇರುವೆ ಕಚ್ಚಿದ್ರೂ ಇದಕ್ಕಿಂತ ಜಾಸ್ತಿ ನೋಯ್ತದೆ, ಸುಮ್ನಿರು" ಅನ್ನುವಷ್ಟರಲ್ಲಿ ಸೂಜಿ ಹೊರಗೆ ಬಂದಿರುತ್ತಿತ್ತು. ಅಂಥ ಹಗುರ ಕೈ.

ಅವರು ರಿಟೈರ್ ಆಗಿ ಕೆಲವು ವರ್ಷವಾಗಿತ್ತು. ಎರಡು ಸಾವಿರದ ಈಚಿನ ಮಾತು. ಒಂದು ಮಧ್ಯಾಹ್ನ ಥರ್ಮಾಕೋಲ್ ಡಬ್ಬಿ ಹಿಡಿದುಕೊಂಡು ಅಂಗಡಿಗೆ ಬಂದರು. ನಮ್ಮ ಬೀದಿಯಲ್ಲಿ ಫ್ರಿಜ್ ಇದ್ದದ್ದು ನನ್ನ ಅಂಗಡಿಯಲ್ಲಿ ಮಾತ್ರ. ಸುತ್ತ ಯಾರೂ ಇಲ್ಲದ್ದನ್ನು ನೋಡಿ ಮೆಲ್ಲಗೆ ಹೇಳಿದರು.

"ಹೆಪಟೈಟಿಸ್ ಸಿ ಅಂತೆ ಮಾರಾಯ್ತಿ. ರಕ್ತದಿಂದ ರಕ್ತಕ್ಕೆ ಹೋಗೋ ಕಾಯಿಲೆ. ಯಾವತ್ತೋ ಯಾರದೋ ಸೂಜಿ ನನ್ನ ಕೈಗೇ ಚುಚ್ಚಿರ್ಬೇಕು. ವಾರಕ್ಕೊಂದು ಇಂಜೆಕ್ಷನ್, ಅದು ನಿನ್ನ ಫ್ರಿಜ್ಜಲ್ಲಿರ್ಲಿ. ದಿನಾ ಮಾತ್ರೆ ಬೇರೆ. ಯಾರಾದ್ರೂ ಕೇಳಿದ್ರೆ ಶುಗರ್ ಮದ್ದು ಅಂದ್ಬಿಡು. ನಿನ್ನ ಅತ್ತೆಗೂ ನಂಗೆ ಲಿವರ್ ಊದಿದೆ ಅಂತ ಅಷ್ಟೇ ಹೇಳಿದೀನಿ."

ಅತ್ತೆ ಅಂದರೆ ಅವರ ಹೆಂಡತಿ. ಅವರಿಂದಲೂ ಯಾಕೆ ಮುಚ್ಚಿಡಬೇಕು ಎಂದೆ. ಮಾವ ತಲೆ ತಗ್ಗಿಸಿದರು. "ನನ್ನ ಕೈಲಿ ಚುಚ್ಚಿಸ್ಕೊಳ್ದೋರು ಈ ಊರಲ್ಲಿ ಯಾರಿದಾರೆ ಹೇಳು? ಅವಳ ಬಾಯಿಂದ ಊರಿಗೆ ಗೊತ್ತಾದ್ರೆ ಒಬ್ರಾದ್ರೂ ಮುಖ ಕೊಟ್ಟು ಮಾತಾಡ್ತಾರಾ?"

ಇಂಜೆಕ್ಷನ್ ತಗೊಂಡ ದಿನ ಚಳಿಜ್ವರ ಬರುತ್ತದೆ, ಅದಕ್ಕೆ ಮೊದಲೇ ಜ್ವರದ ಮಾತ್ರೆ ನುಂಗಿಬಿಟ್ಟರೆ ಆಯಿತು ಎಂದರು. ಇನ್ನೊಂದು ತೊಂದರೆ ದಿನಾ ನುಂಗುವ ಮಾತ್ರೆಯದ್ದು: ಅದು ರಕ್ತ, ಅಂದರೆ ಹಿಮೋಗ್ಲೋಬಿನ್, ಇಳಿಸುತ್ತದೆ. ಆಗಾಗ ಲ್ಯಾಬಿನಲ್ಲಿ ನೋಡಿಸಿ ಮಂಗಳೂರಿನ ಡಾಕ್ಟರಿಗೆ ಫೋನಿನಲ್ಲಿ ತಿಳಿಸಬೇಕು. ಇಳಿದಿದ್ದರೆ ಮಾತ್ರೆ ಕಡಿಮೆ ಮಾಡುತ್ತಾರೆ. "ಅಷ್ಟೇ, ಏನೂ ಹೆದರ್ಕೊಳ್ಳೋದಿಲ್ಲ" ಎಂದು ನನಗೇ ಧೈರ್ಯ ಹೇಳಿದರು.

ಆದರೆ ಊರಿನ ಲ್ಯಾಬಿಗೆ ಅವರು ಕಾಲಿಡಲಿಲ್ಲ. ಅಲ್ಲಿದ್ದವನು ಅವರ ಹತ್ತಿರವೇ ಕೆಲಸ ಕಲಿತ ಹುಡುಗ. ಮಾತ್ರೆಯ ಹೆಸರು ಕೇಳಿದರೆ ಅವನಿಗೆ ಎಲ್ಲ ಗೊತ್ತಾಗುತ್ತದೆ ಎಂಬ ಭಯ. ಮೂಡಿಗೆರೆಗೆ ಹೋಗಿ ಮಾಡಿಸುತ್ತೇನೆ ಅನ್ನುವರು, ಅಷ್ಟರಲ್ಲಿ ಮಳೆ ಹಿಡಿಯಿತು, ಇವತ್ತು ನಾಳೆ ಎಂದು ದಿನ ದೂಡಿದರು. ಮಂಗಳೂರಿಗೆ ಫೋನ್ ಮಾಡುತ್ತಿದ್ದದ್ದು ನನ್ನ ಅಂಗಡಿಯ ಕಾಯಿನ್ ಫೋನಿನಿಂದಲೇ. "ರಕ್ತ ಹನ್ನೆರಡಿದೆ ಸಾರ್, ಆರಾಮಾಗಿದೀನಿ" ಎಂದು ಹೇಳಿ, ರಿಸೀವರ್ ಇಟ್ಟು, ತುಂಟ ಹುಡುಗನ ಹಾಗೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ನಾನೂ ನಕ್ಕುಬಿಟ್ಟೆ. ಥೂ, ನನ್ನ ನಗುವಿಗಿಷ್ಟು!

ಕಣ್ಣಿಗೆ ಕಾಣಿಸುತ್ತಿರಲಿಲ್ಲವೇ? ಕಾಣಿಸುತ್ತಿತ್ತು. ತುಟಿ ಬಿಳಿಚಿಕೊಂಡಿತ್ತು. ಬಸ್ ಸ್ಟ್ಯಾಂಡಿನಿಂದ ನಮ್ಮ ಏರು ಹತ್ತುವಾಗ ಮೋರಿಕಟ್ಟೆಯ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. "ಮಾವ, ಅತ್ತೆಗೆ ಹೇಳಿಬಿಡ್ತೀನಿ ನೋಡಿ" ಎಂದು ಒಮ್ಮೆ ಹೆದರಿಸಿದೆ. "ನೀನು ಹಾಗೆ ಮಾಡೋಳಲ್ಲ" ಎಂದರು. ಆ ಮಾತಿಗೆ ನಾನು ಉಬ್ಬಿಹೋದೆ. ಊರಿಗೇ ಗೊತ್ತಿಲ್ಲದ್ದು ನನಗೊಬ್ಬಳಿಗೆ ಗೊತ್ತು ಎಂಬ ಜಂಬ ಬೇರೆ… ಅವರ ಉಸಿರಿಗಿಂತ ನನ್ನ ಮಾತೇ ದೊಡ್ಡದಾಯಿತು.

ಶ್ರಾವಣ ಶುರುವಾಗಿತ್ತು. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಜಗಲಿಯಲ್ಲಿ ಕುಸಿದರು. ಜೀಪಿನಲ್ಲಿ ಹಾಕಿಕೊಂಡು ಹೋದೆವು. ಅತ್ತೆಯ ಮಡಿಲಲ್ಲಿ ತಲೆ, ನನ್ನ ಮಡಿಲಲ್ಲಿ ಕಾಲು. ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟಿದ್ದರು. ಅಲ್ಲಿನ ಡಾಕ್ಟರು ರೆಪ್ಪೆ ಎಳೆದು ನೋಡಿ, "ಮೈಯಲ್ಲಿ ರಕ್ತವೇ ಇಲ್ವಲ್ರೀ. ಹಾರ್ಟು ಹೇಗೆ ತಡ್ಕೊಳ್ತದೆ? ಇಷ್ಟು ದಿನ ಯಾರೂ ನೋಡ್ಲಿಲ್ವಾ?" ಎಂದರು. ಅತ್ತೆ ನನ್ನ ಮುಖ ನೋಡಿದರು. ನಾನು ಬಾಗಿಲ ಕಡೆ ನೋಡಿದೆ.

ಮಾವನ ಗುಟ್ಟು ಊರಿಗೆ ಇವತ್ತಿಗೂ ಗೊತ್ತಿಲ್ಲ. ಈಗ ಆ ಕಾಯಿಲೆ ಬರೀ ಮಾತ್ರೆಯಲ್ಲೇ ವಾಸಿಯಾಗುತ್ತದಂತೆ, ಸೂಜಿಯೂ ಬೇಡವಂತೆ. ಆದರೆ ಮಾವನಿಗೆ ಆಗಲೂ ದಾರಿ ಇತ್ತು. ಬೆರಳ ತುದಿಯಷ್ಟು ರಕ್ತ ಕೊಟ್ಟಿದ್ದರೆ ಡಾಕ್ಟರು ಮಾತ್ರೆ ಇಳಿಸುತ್ತಿದ್ದರು, ಮನುಷ್ಯ ಉಳಿಯುತ್ತಿದ್ದರು.

ಅತ್ತೆಗೆ ಈಗ ವಯಸ್ಸಾಗಿದೆ. ಊರಿಗೆ ಹೋದಾಗೆಲ್ಲ ನನ್ನ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. "ಸ್ವಂತ ಮಗಳ ಹಾಗೆ ಅವರ ಮದ್ದು ಜೋಪಾನ ಮಾಡ್ದೋಳು ನೀನು" ಅನ್ನುತ್ತಾರೆ. ಆಮೇಲೆ ಪ್ರತಿ ಸಲವೂ ಅದೇ ಪ್ರಶ್ನೆ.

"ಏನು ಮಾಡಿದ್ರೂ ಉಳೀತಿರ್ಲಿಲ್ಲ ಅಲ್ವಾ ಮಗಾ?"

"ಹೌದು ಅತ್ತೆ" ಅನ್ನುತ್ತೇನೆ.