ಮುಚ್ಚಳಪ್ಪ ಮತ್ತು ಅಕ್ಕನ ಹಲ್ಲು

ಚಿಕ್ಕಂದಿನಲ್ಲಿ ಒಲೆಯ ಮೇಲಿನ ಪಾತ್ರೆಯ ಮುಚ್ಚಳವನ್ನು ಎತ್ತಿ ಎತ್ತಿ ನೋಡುತ್ತಿದ್ದುದಕ್ಕೆ ಅಕ್ಕ ಅವನಿಗೆ ಇಟ್ಟ ಹೆಸರು ಮುಚ್ಚಳಪ್ಪ. ತಾಯಿ ಬೇಗ ತೀರಿಕೊಂಡ ಮನೆ ಅದು. ಅಡುಗೆ ಮಾಡುವುದು, ತಮ್ಮನ ತಲೆ ಬಾಚುವುದು, ಅದೇ ತಲೆಗೆ ಮೊಟಕುವುದು ಎಲ್ಲ ಅಕ್ಕನ ಪಾಲಿಗೇ ಬಂದಿತ್ತು. ಬೆಂದಿತೋ ಇಲ್ಲವೋ ಎಂಬ ಚಡಪಡಿಕೆ ಆ ಹುಡುಗನಿಗೆ ಹಸಿವಿಗಿಂತ ಜಾಸ್ತಿ. ಈಗ ಅವನ ಕೂದಲು ನರೆತಿದೆ, ಮೂಗಿನ ಮೇಲೆ ದಪ್ಪ ಕನ್ನಡಕ ಕೂತಿದೆ, ಹಲ್ಲು ಕಟ್ಟುವ ಲ್ಯಾಬಿನಲ್ಲಿ ಹಿರಿಯ ಕೆಲಸಗಾರನೆಂಬ ಮರ್ಯಾದೆಯೂ ಇದೆ. ಆದರೆ ಅಕ್ಕನ ಬಾಯಲ್ಲಿ ಅವನು ಈಗಲೂ ಮುಚ್ಚಳಪ್ಪನೇ. ಆ ಬಾಯಲ್ಲಿ ಈಗ ಒಂದೂ ಹಲ್ಲಿಲ್ಲ ಎಂಬುದೇ ಎಲ್ಲ ತಾಪತ್ರಯದ ಮೂಲ.

ವಸಡು ಕೆಟ್ಟು ಹಲ್ಲುಗಳೆಲ್ಲ ಅಲುಗಾಡತೊಡಗಿದಾಗ ಡಾಕ್ಟರು ಒಂದನ್ನೂ ಉಳಿಸದೆ ಕಿತ್ತಿದ್ದರು. ಅದಕ್ಕೆ ಮೊದಲು ಅಕ್ಕ ನಕ್ಕರೆ ಪಕ್ಕದ ಮನೆಯವರು ಕಿಟಕಿ ತೆಗೆದು ಏನು ವಿಷಯ ಎಂದು ಕೇಳುತ್ತಿದ್ದರು. ಈಗ ನಗು ಬಂದರೆ ಅಂಗೈ ಮೊದಲು ಬಾಯಿಗೆ ಹೋಗುತ್ತದೆ, ನಗು ಅದರ ಹಿಂದೆಯೇ ಆರಿಹೋಗುತ್ತದೆ. ತಮ್ಮನ ಮನೆಯಲ್ಲೇ ಇರುವ ಆಕೆ ಎಲ್ಲರ ಜೊತೆ ಊಟಕ್ಕೆ ಕೂರುವುದನ್ನೂ ಬಿಟ್ಟಳು. ತಮ್ಮನ ಹೆಂಡತಿ ತಟ್ಟೆ ಹಾಕಿ ಕಾದರೆ, ಆಮೇಲೆ ತಿನ್ನುತ್ತೇನೆ ಎಂದು ಹೇಳಿ ಅಡುಗೆಮನೆಯಲ್ಲಿ ಗೋಡೆಗೆ ಮುಖಮಾಡಿ ಒಬ್ಬಳೇ ತಿನ್ನುತ್ತಾಳೆ. ಹಲ್ಲು ಕಟ್ಟಿಸಿಕೊಂಡರೆ ತಮ್ಮನ ಕೈಯಿಂದಲೇ ಎಂಬ ಹಠ ಬೇರೆ. ತನ್ನ ಕೈಯಲ್ಲಿ ಬೆಳೆದವನು ತನಗೆ ಕೆಟ್ಟ ಹಲ್ಲು ಕೊಡುತ್ತಾನೆಯೇ ಎಂಬುದು ಅವಳ ಲೆಕ್ಕ.

ಕೊಟ್ಟೇಬಿಟ್ಟ. ಅದೂ ಎರಡು ಸಲ.

ಹಿಂದೆ ವಸಡಿನ ಅಚ್ಚನ್ನು ಮೇಣದಲ್ಲಿ ಕೆತ್ತುತ್ತಿದ್ದ ಕಾಲದಲ್ಲಿ ಅವನಿಗೆ ಇಂಥ ಸೋಲು ಗೊತ್ತೇ ಇರಲಿಲ್ಲ. ಬಿಸಿ ಚಾಕುವಿನಿಂದ ಮೇಣ ಕೆತ್ತುವಾಗ ಒಂದೊಂದು ಗೀರಿಗೂ ಕಣ್ಣಿನ ಹತ್ತಿರ ತಂದು ನೋಡುವುದು, ತಿದ್ದುವುದು, ಮತ್ತೆ ನೋಡುವುದು. ಅದೇ ಕೆಲಸ, ಅದೇ ಖುಷಿ. ಆಮೇಲೆ ಯಜಮಾನರು ಒಂದು ಯಂತ್ರ ತಂದು ಮೇಜಿನ ಮೇಲೆ ಕೂರಿಸಿದರು. ಕೆಳಗೆ ತೊಟ್ಟಿಯಲ್ಲಿ ರೆಸಿನ್ ಎಂಬ ಗುಲಾಬಿ ಬಣ್ಣದ ಅಂಟು ದ್ರವ, ಅದರಡಿಯಿಂದ ಮೇಲಕ್ಕೆ ಬೆಳಕು. ಬೆಳಕು ಬಿದ್ದಷ್ಟೇ ಜಾಗದಲ್ಲಿ ರೆಸಿನ್ ಗಟ್ಟಿಯಾಗಿ, ಕೂದಲೆಳೆಗಿಂತ ತೆಳುವಾದ ಒಂದು ಪದರವಾಗಿ ಮೇಲಿನ ಹಲಗೆಗೆ ಅಂಟುತ್ತದೆ. ಹಲಗೆ ಮೇಲೇಳುತ್ತದೆ, ಇಳಿಯುತ್ತದೆ, ಇನ್ನೊಂದು ಪದರ. ಹೀಗೆ ಹಲ್ಲು ಕೂರಿಸುವ ವಸಡಿನ ಅಚ್ಚು ತಲೆಕೆಳಗಾಗಿ ನೇತಾಡುತ್ತಾ ಬೆಳೆಯುತ್ತದೆ. ಇದೆಲ್ಲದರ ಮೇಲೆ ಒಂದು ಕಿತ್ತಳೆ ಬಣ್ಣದ ದೊಡ್ಡ ಮುಚ್ಚಳ. ಮುಚ್ಚಳಪ್ಪನ ಮುಂದೆ ಮುಚ್ಚಳ ತಂದಿಟ್ಟರೆ ಏನಾಗುತ್ತದೋ ಅದೇ ಆಯಿತು.

ಕಲಿಸಲು ಬಂದ ಕಂಪನಿಯವನನ್ನು ಅವನು ಮೊದಲ ದಿನವೇ ಕೇಳಿದ್ದ, ನಡುವೆ ಎತ್ತಿ ನೋಡಬಹುದೇ ಎಂದು. ಧಾರಾಳವಾಗಿ ನೋಡಿ, ಎತ್ತಿದರೆ ತಾನಾಗಿ ನಿಲ್ಲುತ್ತದೆ, ಮುಚ್ಚಿದರೆ ಮುಂದುವರಿಯುತ್ತದೆ, ಏನೂ ಆಗಲ್ಲ ಎಂದು ಆತ ಭರವಸೆ ಕೊಟ್ಟ. ಆ "ಏನೂ ಆಗಲ್ಲ" ಎಂಬ ಮಾತನ್ನು ನಮ್ಮವನು ಗಂಟು ಹಾಕಿ ಇಟ್ಟುಕೊಂಡ.

ಅಕ್ಕನ ಮೊದಲ ಸೆಟ್ಟು ಹೊರಬಂದಾಗ ಒಳಮೈಯಲ್ಲಿ ಒಂದು ಗೆರೆ ಇತ್ತು. ಕಣ್ಣಿಗೆ ಕಾಣದಷ್ಟು ಸಣ್ಣದು, ಉಗುರಿಗೆ ಮಾತ್ರ ತಗಲುವಂಥದ್ದು. ಹೊರಮೈಯಾಗಿದ್ದರೆ ಪಾಲಿಶ್ ಮಾಡುವಾಕೆ ಉಜ್ಜಿ ನುಣ್ಣಗೆ ಮಾಡಿಕೊಡುತ್ತಿದ್ದಳು. ಒಳಮೈಯನ್ನು ಹಾಗೆ ಉಜ್ಜುವಂತಿಲ್ಲ, ಉಜ್ಜಿದರೆ ವಸಡಿಗೆ ಕೂರುವುದಿಲ್ಲ. ಇಷ್ಟಕ್ಕೆಲ್ಲ ಏನಾಗುತ್ತದೆ ಎಂದುಕೊಂಡು ಕೊಟ್ಟ. ವಾರ ಕಳೆಯುವಷ್ಟರಲ್ಲಿ ಅಕ್ಕನ ವಸಡಿನಲ್ಲಿ ಹುಣ್ಣಾಯಿತು.

ಎರಡನೆಯದಕ್ಕೆ ಅವನು ಟೊಂಕ ಕಟ್ಟಿ ನಿಂತ. ಹಲಗೆಯ ಮಟ್ಟ ಸರಿಪಡಿಸಿದ. ತೊಟ್ಟಿಯ ತಳದ ಹಾಳೆ ಬದಲಿಸಿದ. ರೆಸಿನ್ ತಣ್ಣಗಿದ್ದರೆ ಪದರ ಸರಿಯಾಗಿ ಕೂರದು ಎಂದು ಯಾರೋ ಅಂದದ್ದಕ್ಕೆ ಬಾಟಲಿಯನ್ನು ಕಂಬಳಿಯಲ್ಲಿ ಸುತ್ತಿಟ್ಟ, ಅದನ್ನು ನೋಡಿ ಪಾಲಿಶ್‌ನಾಕೆ ಕೂಸು ಮಲಗಿತೇ ಎಂದು ಕೇಳಿದಳು. ಪದರಗಳನ್ನು ಇನ್ನೂ ತೆಳುವಾಗಿಸಿದ, ಹಲಗೆ ಏಳುವ ವೇಗ ತಗ್ಗಿಸಿದ. ಬೆಳಗಿನಿಂದ ಕಣ್ಣಲ್ಲಿ ಕಣ್ಣಿಟ್ಟು ಕಾದ. ಗೆರೆ ಬಂತು. ಒಂದಿದ್ದದ್ದು ಈ ಸಲ ನಾಲ್ಕಾರು.

ಇದರ ತಲೆಬುಡ ಅವನಿಗೆ ತಿಳಿಯಲಿಲ್ಲ. ಬೇರೆಯವರ ಸೆಟ್ಟುಗಳನ್ನು ಯಂತ್ರಕ್ಕೆ ಹಾಕಿ ಚಹಾ ಕುಡಿಯಲು ಹೋದರೆ ಬೆಣ್ಣೆಯಂತೆ ಬರುತ್ತಿದ್ದವು. ಯಾರೋ ಗುರುತಿಲ್ಲದವರು ಹಾಯಾಗಿ ಅಗಿಯುತ್ತಿದ್ದಾರೆ, ಹೆತ್ತಮ್ಮನಂತೆ ಸಾಕಿದವಳ ಬಾಯಿಗೆ ಮಾತ್ರ ಹುಣ್ಣು. ಯಂತ್ರಕ್ಕೆ ಮನುಷ್ಯರ ಗುರುತು ಸಿಗುತ್ತದೆಯೇ? ಅಕ್ಕನ ದವಡೆಯ ಅಳತೆಯೇ ತಪ್ಪೇ? ಇಲ್ಲ ತನ್ನ ಕೈಗೇ ಏನಾದರೂ ಬಡಿದಿದೆಯೇ? ದಾರಿಯಲ್ಲಿ ನಡೆಯುವಾಗಲೂ ಹೆಬ್ಬೆರಳ ಉಗುರನ್ನು ತೋರುಬೆರಳ ಮೇಲೆ ಎಳೆಯುತ್ತಾ ಗೆರೆ ಹುಡುಕುತ್ತಿದ್ದ. ಪ್ರೀತಿ ಹೆಚ್ಚಾದಷ್ಟೂ ಕೆಲಸ ಯಾಕೆ ಕೆಡುತ್ತದೆ ಎಂದು ಯಾರನ್ನು ಕೇಳುವುದು? ಅವನಿಗೆ ಅಳುವೇ ಬಂದಿತ್ತು.

ಅಕ್ಕ ಮಾತ್ರ ಶಾಂತವಾಗಿ ತೀರ್ಪು ಕೊಟ್ಟಳು. "ಇನ್ನೊಂದೇ ಒಂದ್ಸಲ ನೋಡ್ತೀನಿ. ಅದೂ ಚುಚ್ಚಿದ್ರೆ ಬೇಡ ಬಿಡು, ಹೀಗೇ ಇದ್ದುಬಿಡ್ತೀನಿ." ಹಾಗೆ ಹೇಳುವಾಗಲೂ ಅಂಗೈ ಬಾಯಿಯ ಮೇಲೇ ಇತ್ತು.

ಮೂರನೆಯ ಸಲ ಅವಳೇ ಲ್ಯಾಬಿಗೆ ಬಂದಳು. ಪ್ಲಾಸ್ಟರ್ ದವಡೆಗಳ ಸಾಲಿನ ಪಕ್ಕ ಸ್ಟೂಲ್ ಎಳೆದು ಕೂತು ಯಂತ್ರದ ಸದ್ದು ಕೇಳುತ್ತಿದ್ದಳು. ತಮ್ಮ ಬಂದ, ಮುಚ್ಚಳ ಎತ್ತಿ ನೋಡಿದ, ಮುಚ್ಚಿದ. ಎರಡು ಹೆಜ್ಜೆ ಆಚೆ ಹೋದವನು ತಿರುಗಿ ಬಂದು ಮತ್ತೆ ಎತ್ತಿದ.

"ಇನ್ನೂ ಹೋಗಿಲ್ವಾ ನಿನ್ನ ಚಾಳಿ?" ಎಂದಳು ಅಕ್ಕ. "ನೀನು ಎತ್ತಿದಾಗೆಲ್ಲ ಅದು ಉಸಿರು ಕಟ್ಟಿ ನಿಂತ್ಕೊಳ್ಳುತ್ತೆ ನೋಡು. ಚಿಕ್ಕವನಿದ್ದಾಗ ಹೀಗೇ ಎತ್ತಿ ಎತ್ತಿ ಅನ್ನ ಅರ್ಧಂಬರ್ಧ ಬೇಯೋ ಹಾಗೆ ಮಾಡ್ತಿದ್ದೆ. ಈಗ ನನ್ನ ಹಲ್ಲಿಗೂ ಅದೇ ಗತಿ."

ಅವನು ಎತ್ತಿದ ಮುಚ್ಚಳವನ್ನು ಹಿಡಿದುಕೊಂಡೇ ಬೆಪ್ಪಾಗಿ ನಿಂತ. ಏನೂ ಆಗಲ್ಲ ಅಂದಿದ್ದನಲ್ಲ! ನಂಬಲಾಗದೆ ಅಲ್ಲಿಂದಲೇ ಕಂಪನಿಯವನಿಗೆ ಫೋನ್ ಹಚ್ಚಿದ. ಆ ಕಡೆಯವನಿಗೆ ಇವನ ಗೊಂದಲವೇ ಅರ್ಥವಾಗಲಿಲ್ಲ.

"ಏನೂ ಆಗಲ್ಲ ಅಂದಿದ್ದು ಯಂತ್ರಕ್ಕೆ ಸಾರ್. ಹಲ್ಲಿಗೆ ಅಂತ ನಾನೆಲ್ಲಿ ಅಂದೆ?"

ನಡುವೆ ನಿಂತರೆ ಅರೆಗಟ್ಟಿಯಾದ ಪದರ ರೆಸಿನ್‌ನಲ್ಲಿ ನೆನೆದು ತುಸು ಉಬ್ಬುತ್ತದೆ, ಮುಂದಿನದು ಅದರ ಮೇಲೆ ನೇರ ಕೂರದೆ ಎಳೆಯಷ್ಟು ಜರುಗುತ್ತದೆ, ಅದೇ ಗೆರೆ ಎಂದು ಆತ ವಿವರಿಸಿದ. ಕೇಳುತ್ತಾ ಕೇಳುತ್ತಾ ನಮ್ಮವನ ಕಿವಿ ಬಿಸಿಯಾಯಿತು. ಒಂದೊಂದು ಗೆರೆಯೂ ತಾನು ಕಾಳಜಿಯಿಂದ ಇಣುಕಿದ ಒಂದೊಂದು ಸಲವೇ ಆಗಿತ್ತು. ಅಕ್ಕನ ವಸಡನ್ನು ಚುಚ್ಚುತ್ತಿದ್ದುದು ಯಂತ್ರವಲ್ಲ, ತಮ್ಮನ ಅಕ್ಕರೆ. ಇದಕ್ಕೆ ನಾಚಬೇಕೋ ನಗಬೇಕೋ ಅವನಿಗೆ ತಿಳಿಯಲಿಲ್ಲ.

ಆಗುತ್ತಿದ್ದುದನ್ನು ತೆಗೆದು ಬಿಸಾಕಿ ಹೊಸದಾಗಿ ಹಾಕಿದ. ಅಕ್ಕ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಣಿಕಟ್ಟು ಹಿಡಿದುಕೊಂಡಳು. ಚಹಾ ಬಂತು, ಆರಿತು. ಒಳಗೆ ಏನಾಗುತ್ತಿದೆಯೋ ಎಂದು ಅವನ ಜೀವ ಒದ್ದಾಡುತ್ತಿತ್ತು, ಬೆರಳು ತಾನಾಗಿ ಮುಚ್ಚಳದ ಕಡೆ ಸರಿಯುತ್ತಿತ್ತು. ಸರಿದಾಗಲೆಲ್ಲ ಅಕ್ಕ ಹಿಡಿತ ಬಿಗಿ ಮಾಡುತ್ತಿದ್ದಳು. ಯಂತ್ರ ಒಮ್ಮೆಯೂ ನಿಲ್ಲದೆ ಕೆಲಸ ಮುಗಿಸಿತು. ತೊಳೆದು ಒಣಗಿಸಿದ ಮೇಲೆ ಒಳಮೈಗೆ ಉಗುರು ಎಳೆದು ನೋಡಿದ. ಏನೂ ತಗಲಲಿಲ್ಲ. ಉಗುರೇ ಸವೆದಿದೆಯೇನೋ ಎಂದು ಪಾಲಿಶ್‌ನಾಕೆಯ ಉಗುರಿನಿಂದಲೂ ನೋಡಿಸಿದ.

ಮರುದಿನ ಅಚ್ಚಿಗೆ ಹಲ್ಲು ಕೂರಿಸಿ, ಡಾಕ್ಟರಿಗೆ ತೋರಿಸಿ ಮನೆಗೆ ತಂದ. ಅಕ್ಕ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಅಡುಗೆಮನೆಯಲ್ಲಿ ನಿಂತಳು. ಇವನು ಬಾಗಿಲಲ್ಲೇ ಕತ್ತು ಉದ್ದ ಮಾಡಿ ನಿಂತ.

"ಆ ಕಡೆ ತಿರುಗು," ಎಂದಳು.

"ಸರಿ ಕೂತಿದೆಯಾ ಅಂತ ಒಂಚೂರು..."

"ಮುಚ್ಚಳಪ್ಪಾ, ತಿರುಗು."

ಅವನು ಗೋಡೆಗೆ ಮುಖಮಾಡಿ ನಿಂತ, ಇಷ್ಟು ದಿನ ಅಕ್ಕ ಊಟಕ್ಕೆ ಕೂರುತ್ತಿದ್ದ ಅದೇ ಗೋಡೆಗೆ. ಚುಚ್ಚಿತೇ? ತೆಗೆದಿಟ್ಟಳೇ? ಅಳುತ್ತಿದ್ದಾಳೆಯೇ? ಒಂದೂ ತಿಳಿಯದೆ ಅವನು ಹೆಬ್ಬೆರಳ ಉಗುರನ್ನು ತೋರುಬೆರಳ ಮೇಲೆ ಎಳೆಯತೊಡಗಿದ. ಆಮೇಲೆ ಬೆನ್ನ ಹಿಂದೆ ಕರುಂ ಎಂದು ಏನನ್ನೋ ಕಡಿದ ಸದ್ದು. ಸೌತೆಕಾಯಿಯೋ ಸೇಬೋ ಗೊತ್ತಾಗಲಿಲ್ಲ. ಅದರ ಹಿಂದೆಯೇ ನಗು ಬಂತು. ಯಾತಕ್ಕೆ ನಕ್ಕಳೋ, ತಾನು ಗೋಡೆಗೆ ಮುಖಮಾಡಿ ನಿಂತದ್ದಕ್ಕೋ ಮತ್ತೆ ಇನ್ನೇನಕ್ಕೋ, ಅದೂ ಅವನಿಗೆ ಅರ್ಥವಾಗಲಿಲ್ಲ. ಪಕ್ಕದ ಮನೆಯ ಕಿಟಕಿ ತೆಗೆದ ಸದ್ದು ಕೇಳಿಸಿತು. ಅವನು ಮಾತ್ರ ತಿರುಗಿ ನೋಡಲಿಲ್ಲ.