ಬದಿಗಿಟ್ಟ ಎರಡು ಸ್ಲೈಡುಗಳು

ಶಿವಪ್ಪ ಕಾಕಾ, ಮೂರು ವರ್ಷಗಳ ಹಿಂದಿನ ಆ ಎರಡು ಸ್ಲೈಡುಗಳು ಕೆಟ್ಟಿರಲಿಲ್ಲ. ಕೆಟ್ಟಿವೆ ಎಂದು ನಾನು ಸುಳ್ಳು ಹೇಳಿದೆ.

ಧಾರವಾಡದ ಪ್ರಯೋಗಾಲಯಕ್ಕೆ ನಾನು ಸಂಶೋಧನೆಗೆ ಸೇರಿದಾಗ ನೀವು ಅಲ್ಲಿಯ ಹಿರಿಯ ತಂತ್ರಜ್ಞ. ಮೇಣದಲ್ಲಿ ಹುದುಗಿಸಿದ ಇಲಿಯ ಮೂತ್ರಪಿಂಡವನ್ನು ಈರುಳ್ಳಿಯ ಪೊರೆಗಿಂತ ತೆಳ್ಳಗೆ ಕೊಯ್ದು ಗಾಜಿನ ಸ್ಲೈಡಿನ ಮೇಲೆ ಹಾಸುತ್ತಿದ್ದಿರಿ. ಯಾವುದು ಪೆಟ್ಟಾದದ್ದು, ಯಾವುದು ಆರೋಗ್ಯದ್ದು ಎಂದು ಜೀವಕೋಶ ಎಣಿಸುವ ನನಗೆ ತಿಳಿಯಬಾರದು — ಅದಕ್ಕೆ ಗುರುತಿನ ಮೇಲೆ ಪಟ್ಟಿ ಅಂಟಿಸಿ ಕೊಡುತ್ತಿದ್ದಿರಿ. "ಇಣುಕಿ ನೋಡಬ್ಯಾಡ ನೋಡವಾ, ಇಲಿ ಬಂದು ಸಾಕ್ಷಿ ಹೇಳತಾವ," ಎಂದು ನಗುತ್ತಿದ್ದಿರಿ.

ನಾನು ಇಣುಕಿದೆ.

ನನ್ನ ಪ್ರಬಂಧದ ವಾದ ಇಷ್ಟೇ: ಕುತ್ತಿಗೆಯ ಪುಟ್ಟ ಗ್ರಂಥಿಯೊಂದರ ಹಾರ್ಮೋನನ್ನು ಹೋಲುವ ಒಂದು ಪ್ರೋಟೀನ್, ಪೆಟ್ಟಾದ ಮೂತ್ರಪಿಂಡದಲ್ಲಿ ಹೆಚ್ಚಾಗಿ, ಅಲ್ಲಿ ಉರಿಯೂತವನ್ನು ಬೆಳೆಸುತ್ತದೆ. ಪ್ರೋಟೀನನ್ನು ತೋರಿಸುವ ಕಂದು ಬಣ್ಣ ಗಾಢವಾಗಿದ್ದಲ್ಲಿ ಉರಿಯೂತದ ಜೀವಕೋಶಗಳೂ ಕಿಕ್ಕಿರಿದಿರಬೇಕು. ಎರಡು ಸ್ಲೈಡುಗಳಲ್ಲಿ ಕಂದು ಇತ್ತು, ಆ ಜೀವಕೋಶಗಳು ಇರಲಿಲ್ಲ. ಪಟ್ಟಿ ಎತ್ತಿ ನೋಡಿದೆ — ಎರಡೂ ಪೆಟ್ಟಾದವೇ, ನನ್ನ ವಾದಕ್ಕೆ ಒಗ್ಗದವು. ಎಣಿಕೆಯಿಂದ ಅವನ್ನು ಬಿಡಲು ಒಂದು ಕಾರಣ ಬೇಕಿತ್ತು. ಮಾರ್ಗದರ್ಶಕಿಯ ಮುಂದೆ, ನಿಮ್ಮ ಎದುರಿಗೇ ಹೇಳಿದೆ: "ಮೇಡಮ್, ಇವೆರಡರ ಕಟಿಂಗ್ ಸರಿ ಬಂದಿಲ್ರಿ. ಕಾಕಾರ ಕೈ ನಡಗಿರಬೇಕು."

ನೀವು ಜಗಳಕ್ಕೆ ನಿಂತಿದ್ದರೆ — ನೀವು ನಿಮ್ಮ ಕೈಗಳನ್ನೇ ತಿರುಗಿಸಿ ನೋಡಿಕೊಂಡಿರಿ. "ಇರಬಹುದವಾ, ವಯಸ್ಸಾತಲ್ಲ. ಛಲೋ ಆತು, ನೀ ನೋಡಿ ಹೇಳಿದಿ."

ಆಮೇಲೆ ಕೊಯ್ಯುವ ಯಂತ್ರದ ಮುಂದೆ ನೀವು ಕೂರಲಿಲ್ಲ. ನಿವೃತ್ತಿಯಾಗುವವರೆಗೆ ಗಾಜು ತೊಳೆದಿರಿ. ಸಪ್ತಾಪುರದ ಬಾಡಿಗೆ ಕೋಣೆಯಲ್ಲಿ ಈ ಹುಡುಗಿ ಏನು ಬೇಯಿಸಿಕೊಂಡಾಳು ಎಂದು ನನ್ನ ಪಾಲಿನ ರೊಟ್ಟಿ, ಶೇಂಗಾ ಚಟ್ನಿ ತರುವುದನ್ನು ಮಾತ್ರ ಬಿಡಲಿಲ್ಲ. ನಾನು ತಿಂದೆ. ದಿನವೂ ತಿಂದೆ.

ಕಳೆದ ವಾರ ಹೆಬ್ಬಳ್ಳಿಯ ನಿಮ್ಮ ಮನೆಗೆ, ಮೊಮ್ಮಗಳ ಹೆಸರಿಡುವ ದಿನ, ನನ್ನನ್ನೂ ಕರೆದಿದ್ದಿರಿ. ಸೊಸೆ ಕೂಸನ್ನು ನಿಮ್ಮತ್ತ ಚಾಚಿದಳು. ನೀವು ಹಿಂದೆ ಸರಿದಿರಿ. "ಬ್ಯಾಡವಾ, ನನ್ನ ಕೈ ಭರೋಸಾ ಇಲ್ಲ. ಬೇಕಾದ್ರ ಈಕೀನ್ನ ಕೇಳು, ಈಕಿಗೆ ಗೊತ್ತದ," ಎಂದು ನನ್ನತ್ತ ತೋರಿಸಿದಿರಿ. ಎಲ್ಲರೂ ನಕ್ಕರು. ನಾನೂ —

ನಿನ್ನೆ ಮೇಡಮ್‌ಗೆ ಎಲ್ಲವನ್ನೂ ಹೇಳಿದೆ. ಆ ಎರಡನ್ನೂ ಸೇರಿಸಿ ಮತ್ತೆ ಎಣಿಸಬೇಕು. ಪ್ರಬಂಧ ಸಲ್ಲಿಸುವುದು ಮುಂದಕ್ಕೆ ಹೋಗಿದೆ. ಪ್ರೋಟೀನ್ ಹೆಚ್ಚಿದಲ್ಲೆಲ್ಲ ಉರಿಯೂತ ಇರಲೇಬೇಕೆಂದಿಲ್ಲ. ಏಕೆ ಎಂದು ನನಗಿನ್ನೂ ಗೊತ್ತಿಲ್ಲ; ಹಾಗೆಂದೇ ಬರೆಯುತ್ತೇನೆ. ಆ ಸ್ಲೈಡುಗಳನ್ನು ಮತ್ತೊಮ್ಮೆ ನೋಡಿದೆ, ಕಾಕಾ. ಎಲ್ಲೂ ಒಂದು ಸುಕ್ಕಿಲ್ಲ, ಒಂದು ಗೀರಿಲ್ಲ.

ಭಾನುವಾರ ಬರುತ್ತೇನೆ. ಅಂದು ನಕ್ಕವರೆಲ್ಲರ ಎದುರಿಗೆ ಇದನ್ನು ಬಾಯಿಬಿಟ್ಟು ಹೇಳುತ್ತೇನೆ. ನೀವು ಕ್ಷಮಿಸಿಬಿಡುತ್ತೀರಿ — ಗೊತ್ತು. ಅದನ್ನು ಕೇಳಲು ನಾನು ಬರುತ್ತಿಲ್ಲ. ನಿಮ್ಮ ಕೈ ನಡುಗಿರಲಿಲ್ಲ ಎಂದು ಹೇಳಲು ಬರುತ್ತಿದ್ದೇನೆ. ಕೂಸನ್ನು ಎತ್ತಿಕೊಳ್ಳಿ.